ಮತ್ಸುಯೆಯ ಇಂಗ್ಲಿಷ್ ಮೇಷ್ಟ್ರು
(ಬಾನುಲಿ ಭಾಷಣ)

ಇಂಗ್ಲಿಷ್ ಎಂ.ಎ. ಮಾಡಿ, ಇಲ್ಲಿ ಕೆಲವು ವರ್ಷ ಪಾಠ ಹೇಳಿ, ಹೊರದೇಶದ ವಿಶ್ವವಿದ್ಯಾನಿಲಯವೊಂದಕ್ಕೆ ಇಂಗ್ಲಿಷ್ ಬೋಧಿಸಲು ಹೋದ ನನ್ನ ತಮ್ಮನ ಮಗಳು ಒಂದು ರಾತ್ರಿ ದೂರವಾಣಿಯಲ್ಲಿ ಕೇಳಿದಳು: "ದೊಡ್ಡಪ್ಪ, ತರಗತಿಯಲ್ಲಿ ನಿಂತಾಗ ಏನೂ ತೊಂದರೆಯಿಲ್ಲ. ಸಂಜೆ ಕೋಣೆಗೆ ಬಂದು ಬೀಗ ತೆಗೆಯುವಾಗ ಮಾತ್ರ ಇದು ಯಾರ ಮನೆಯೋ ಅನ್ನಿಸುತ್ತೆ. ಎಷ್ಟು ದಿನ ಇದ್ದರೆ ಪರಸ್ಥಳ ನಮ್ಮೂರಾಗುತ್ತೆ?"

ನಾನು ಕನ್ನಡದ ಮೇಷ್ಟ್ರು. ಒಂದು ಜಿಲ್ಲೆಯಿಂದ ಪಕ್ಕದ ಜಿಲ್ಲೆಗೆ ವರ್ಗವಾದುದನ್ನೇ ವನವಾಸವೆಂದು ಭಾವಿಸಿ ಆರು ತಿಂಗಳು ಮುಖ ಊದಿಸಿಕೊಂಡು ಇದ್ದವನು. ನನ್ನಲ್ಲಿ ಉತ್ತರವಿರಲಿಲ್ಲ. "ಯೋಚಿಸಿ ಹೇಳುತ್ತೇನೆ ಮಗು" ಎಂದೆ. ಯೋಚಿಸುತ್ತ ಹೋದಾಗ ನೆನಪಾದವನು ನೂರು ವರ್ಷಗಳಿಗೂ ಹಿಂದೆ ಜಪಾನಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಲಫ್ಕಾಡಿಯೊ ಹರ್ನ್. ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ಅವನ ಕಥೆ.

ಊರು ಎಂಬುದು ಹರ್ನನಿಗೆ ಹುಟ್ಟಿನಿಂದಲೇ ಒಲಿಯದ ಭಾಗ್ಯ. 1850ರಲ್ಲಿ ಗ್ರೀಕ್ ದ್ವೀಪವಾದ ಲೆಫ್ಕಾಡದಲ್ಲಿ ಅವನು ಜನಿಸಿದ. ತಾಯಿ ಗ್ರೀಕರವಳು, ತಂದೆ ಐರ್ಲೆಂಡಿನವನು, ಬ್ರಿಟಿಷ್ ಸೈನ್ಯದಲ್ಲಿ ವೈದ್ಯ. ಮಗುವನ್ನು ಕರೆದುಕೊಂಡು ಡಬ್ಲಿನ್ನಿಗೆ ಬಂದ ತಾಯಿಗೆ ಆ ನೆಲ, ಆ ಮಾತು, ಆ ಚಳಿ ಯಾವುದೂ ಒಗ್ಗಲಿಲ್ಲ. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಅವಳು ತನ್ನ ನಾಡಿಗೆ ಹಿಂದಿರುಗಿದಳು. ಮಗ ಮತ್ತೆಂದೂ ಅವಳನ್ನು ಕಾಣಲಿಲ್ಲ. ತಂದೆಯೂ ದೂರವಾದ. ತಂದೆಯ ಕಡೆಯ ಮುದುಕಿಯೊಬ್ಬಳ ಆಶ್ರಯದಲ್ಲಿ ಬೆಳೆದ ಹುಡುಗ ಹದಿನಾರರ ಹರೆಯದಲ್ಲಿ ಶಾಲೆಯ ಆಟದ ಬಯಲಿನಲ್ಲಿ ಪೆಟ್ಟು ತಿಂದು ಎಡಗಣ್ಣನ್ನು ಕಳೆದುಕೊಂಡ. ಉಳಿದ ಕಣ್ಣಿನ ದೃಷ್ಟಿಯೂ ಮಂದವೇ. ಮುಂದೆ ಬರೆಯುವಾಗ ಮುಖ ಕಾಗದಕ್ಕೆ ತಾಗುವಂತಿರಬೇಕಾಗಿದ್ದುದರಿಂದ ಎತ್ತರದ ಮೇಜೊಂದನ್ನು ಮಾಡಿಸಿಕೊಂಡಿದ್ದನಂತೆ. 1869ರಲ್ಲಿ ಬರಿಗೈಯಲ್ಲಿ ಅಮೆರಿಕೆಗೆ ಹೋಗಿ, ಸಿನ್ಸಿನಾಟಿಯಲ್ಲಿ, ಆಮೇಲೆ ನ್ಯೂ ಆರ್ಲಿಯನ್ಸಿನಲ್ಲಿ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದುಕೊಂಡ. 1890ರ ಏಪ್ರಿಲಿನಲ್ಲಿ ಯೊಕೊಹಾಮಾ ಬಂದರಿನಲ್ಲಿ ಇಳಿದಾಗ ಅವನಿಗೆ ನಲವತ್ತು ತುಂಬಲು ಕೆಲವೇ ವಾರಗಳಿದ್ದವು. ಬಂದದ್ದು ಪತ್ರಿಕೆಗೆ ಲೇಖನ ಬರೆಯಲು. ಬಂದ ಕೆಲದಿನಗಳಲ್ಲಿಯೇ ಪ್ರಕಾಶಕರೊಡನೆ ಮನಸ್ತಾಪವಾಗಿ ಆ ಆಧಾರವೂ ಕಡಿದುಹೋಯಿತು.

ಆಗ ಕೈಹಿಡಿದದ್ದು ಮೇಷ್ಟ್ರ ಕೆಲಸ. ಟೋಕಿಯೊ ವಿಶ್ವವಿದ್ಯಾನಿಲಯದಲ್ಲಿದ್ದ ವಿದ್ವಾಂಸ ಬೇಸಿಲ್ ಹಾಲ್ ಚೇಂಬರ್ಲಿನ್ನನ ನೆರವಿನಿಂದ, ಮತ್ಸುಯೆ ಎಂಬ ಊರಿನ ಮಾಧ್ಯಮಿಕ ಶಾಲೆಯಲ್ಲಿಯೂ ಅಧ್ಯಾಪಕರ ತರಬೇತಿ ಶಾಲೆಯಲ್ಲಿಯೂ ಇಂಗ್ಲಿಷ್ ಹೇಳಿಕೊಡುವ ಕೆಲಸ ದೊರೆಯಿತು. ತಿಂಗಳಿಗೆ 100 ಯೆನ್ ಸಂಬಳ. ಮತ್ಸುಯೆ ಇಜುಮೊ ಪ್ರಾಂತದ ಹಳೆಯ ಕೋಟೆಯ ಊರು. ಪಕ್ಕದಲ್ಲೇ ಶಿಂಜಿ ಎಂಬ ಸರೋವರ. ಅಲ್ಲಿ ಹರ್ನ್ ಇದ್ದದ್ದು ಹದಿನೈದು ತಿಂಗಳು ಮಾತ್ರ. ಆದರೆ ಜೀವಮಾನದಲ್ಲಿ ಮೊದಲ ಸಲ ಒಂದು ಊರಿನ ಜನ ಅವನನ್ನು ತಮ್ಮವನೆಂದು ಕರೆದರು. ಹರ್ನ್ ಎಂಬ ಹೆಸರು ಅವರ ನಾಲಿಗೆಯ ಮೇಲೆ 'ಹೆರುನ್' ಆಯಿತು.

ಅಲ್ಲಿನ ಅನುಭವವನ್ನು ಅವನು 1894ರಲ್ಲಿ ಪ್ರಕಟವಾದ ತನ್ನ ಮೊದಲ ಜಪಾನೀ ಗ್ರಂಥದಲ್ಲಿ, ಇಂಗ್ಲಿಷ್ ಅಧ್ಯಾಪಕನೊಬ್ಬನ ದಿನಚರಿ ಎಂಬ ರೂಪದಲ್ಲಿ ಬರೆದಿದ್ದಾನೆ. ಅದರಲ್ಲಿ ಯೊಕೊಗಿ ಎಂಬ ವಿದ್ಯಾರ್ಥಿಯ ಪ್ರಸಂಗವೊಂದು ಬರುತ್ತದೆ. ಓದಿನಲ್ಲಿ ಮುಂದಿದ್ದ ಆ ಹುಡುಗ ಕಾಯಿಲೆ ಬಿದ್ದು ಉಳಿಯುವ ಆಸೆ ಇಲ್ಲದಂತಾಯಿತು. ಚಳಿಯ ಒಂದು ರಾತ್ರಿ, ಶಾಲೆಯನ್ನೊಮ್ಮೆ ನೋಡಬೇಕೆಂದು ಮನೆಯ ಆಳಿನೊಡನೆ ಹೇಳಿಕೊಂಡ. ಆಳು ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿ, ಕತ್ತಲಲ್ಲಿ ನಿಂತಿದ್ದ ಶಾಲೆಯನ್ನು ತೋರಿಸಿ ಹಿಂದಕ್ಕೆ ಕರೆತಂದ. ಹರ್ನ್ ಇದನ್ನು ಹೇಳುವಾಗ ಒಂದು ಮಾತನ್ನೂ ಹೆಚ್ಚಿಗೆ ಆಡುವುದಿಲ್ಲ. ಪಾಠ ಹೇಳುವ ವೃತ್ತಿಯಲ್ಲಿ ಕೂದಲು ನರೆಸಿಕೊಂಡ ನನ್ನಂಥವನಿಗೆ ಆ ಪುಟಗಳನ್ನು ಓದಿ ಮುಂದಕ್ಕೆ ಹೋಗುವುದು ಸುಲಭವಲ್ಲ.

ಮತ್ಸುಯೆಯಲ್ಲಿಯೇ ಅವನ ಬಾಳಿಗೆ ಸೆತ್ಸು ಬಂದಳು. ಕೊಯಿಜುಮಿ ಎಂಬ ಸಮುರಾಯಿ ಮನೆತನದ ಹೆಣ್ಣು. 1868ರ ರಾಜಕೀಯ ಪರಿವರ್ತನೆಯ ತರುವಾಯ ಸಮುರಾಯಿಗಳ ವಂಶವೃತ್ತಿ ಹೋಗಿ ಅನೇಕ ಮನೆಗಳು ಬಡತನಕ್ಕೆ ಬಿದ್ದಿದ್ದವು. ಅವಳದೂ ಅಂಥದೇ ಒಂದು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಜಪಾನೀ ಭಾಷೆ ಸರಿಯಾಗಿ ಬಾರದು. ಅವಳು ಇಂಗ್ಲಿಷ್ ಪದಗಳ ಉಚ್ಚಾರವನ್ನು ತನ್ನ ಲಿಪಿಯಲ್ಲಿ ಬರೆದಿಟ್ಟುಕೊಂಡು ಕಲಿಯಲು ಯತ್ನಿಸಿದಳು. ಅವನು ವಿಭಕ್ತಿ ಪ್ರತ್ಯಯಗಳನ್ನೆಲ್ಲ ಬಿಟ್ಟು, ಪದಕ್ಕೆ ಪದ ಪೋಣಿಸಿ ಮಾತಾಡಿದ. ಹೀಗೆ ಗಂಡಹೆಂಡಿರ ನಡುವೆ ವ್ಯಾಕರಣಕ್ಕೆ ಸಿಕ್ಕದ ಒಂದು ಭಾಷೆಯೇ ಹುಟ್ಟಿತು. ಅದಕ್ಕೆ 'ಹೆರುನ್ ಸಾನ್ ಮಾತು' ಎಂದೇ ಹೆಸರಾಯಿತು.

ಆ ಮುರುಕು ಮಾತಿನಲ್ಲಿಯೇ ಅವಳು ರಾತ್ರಿಯ ಹೊತ್ತು ಹಳೆಯ ಕಥೆಗಳನ್ನು ಹೇಳುವಳು. ಪುಸ್ತಕ ನೋಡಿ ಓದಿದರೆ ಅವನು ಒಪ್ಪುತ್ತಿರಲಿಲ್ಲವಂತೆ; ಪುಸ್ತಕ ಮುಚ್ಚಿ, ನಿನ್ನ ಮಾತಿನಲ್ಲಿ, ನಿನಗೆ ತೋಚಿದಂತೆ ಹೇಳು ಎನ್ನುತ್ತಿದ್ದ. ಕುರುಡು ಗಾಯಕ ಹೊಯಿಚಿಯ ಕಥೆಯನ್ನು ಬರೆಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ದೀಪ ಹಚ್ಚದೆ ಕೋಣೆಯಲ್ಲಿ ಕುಳಿತಿದ್ದ. ಸೆತ್ಸು ಬಾಗಿಲಾಚೆಯಿಂದ ಹೊಯಿಚಿ, ಹೊಯಿಚಿ ಎಂದು ಮೆಲ್ಲಗೆ ಕರೆದಳು. ನಾನು ಕುರುಡ, ನೀವು ಯಾರು ಎಂದು ಒಳಗಿನಿಂದ ಉತ್ತರ ಬಂದಿತಂತೆ. ಇದನ್ನು ಸೆತ್ಸು ತನ್ನ ನೆನಪುಗಳಲ್ಲಿ ಹೇಳಿದ್ದಾಳೆ. ಆ ಕಥೆಯಿರುವ 'ಕ್ವೈದಾನ್' 1904ರಲ್ಲಿ ಅಚ್ಚಾಯಿತು. ಜಗತ್ತು ಅದನ್ನು ಹರ್ನನ ಕೃತಿಯೆಂದು ಓದುತ್ತದೆ. ಅರ್ಧ ಅವಳದೆಂದು ನನಗೆ ತೋರುತ್ತದೆ.

ಆದರೆ ಕೇವಲ ಇಷ್ಟನ್ನೇ ಹೇಳಿದರೆ ಅದು ಅಜ್ಜಿಕಥೆಯಾದೀತು. ಪರದೇಶದ ಬಾಳಿಗೆ ಬೇರೊಂದು ಮುಖವುಂಟು. ಮತ್ಸುಯೆಯ ಚಳಿಗಾಲವನ್ನು ತಾಳಲಾರದೆ, ಬೆಳೆಯುತ್ತಿದ್ದ ಸಂಸಾರಕ್ಕೆ ಸಂಬಳ ಸಾಲದೆ, 1891ರ ನವೆಂಬರಿನಲ್ಲಿ ಹರ್ನ್ ಕುಮಾಮೊತೊ ನಗರದ ಸರ್ಕಾರಿ ಕಾಲೇಜಿಗೆ ಹೋದ. ಸಂಬಳ ಇಮ್ಮಡಿಯಾಯಿತು, ಸುಖ ಇಮ್ಮಡಿಯಾಗಲಿಲ್ಲ. ಹುಡುಗರು ಮಿತಭಾಷಿಗಳು, ಊರು ಸೈನಿಕರ ಊರು. ಮನುಷ್ಯನ ಮನಸ್ಸಿನಲ್ಲಿ ಬಹುಕಾಲ ಉಳಿಯುವುದು ಯಾವುದು ಎಂಬ ವಿಷಯದ ಮೇಲೆ ಒಮ್ಮೆ ಪ್ರಬಂಧ ಬರೆಸಿದಾಗ, ಹುಡುಗನೊಬ್ಬ ಚಿಕ್ಕಂದಿನಲ್ಲಿ ತೀರಿಹೋದ ತನ್ನ ತಾಯಿಯನ್ನು ಕುರಿತು ಬರೆದ. ನಾಲ್ಕರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಿದ್ದ ಅಧ್ಯಾಪಕ ಆ ಪ್ರಬಂಧವನ್ನು ತನ್ನ ಪುಸ್ತಕಕ್ಕೆ ಸೇರಿಸಿದುದು ಆಕಸ್ಮಿಕವಿರಲಾರದು.

1893ರಲ್ಲಿ ಮೊದಲ ಮಗ ಹುಟ್ಟಿದ. ಆಗ ಏಳುವ ಪ್ರಶ್ನೆ ಯಾವ ನೆಲದ ಪರದೇಶಿಗೂ ಹೊಸದಲ್ಲ: ನಾನು ಸತ್ತರೆ ಹೆಂಡತಿ ಮಕ್ಕಳ ಗತಿಯೇನು? ಕಾನೂನಿನಂತೆ ಮದುವೆಯಾಗಿ ಹೆಂಡತಿ ಬ್ರಿಟಿಷ್ ಪ್ರಜೆಯಾದರೆ ತನ್ನ ನೆಲದಲ್ಲಿಯೇ ಅವಳು ಪರಕೀಯಳಾಗುವಳು. ಹರ್ನ್ ತಾನೇ ಬದಲಾಗಲು ನಿಶ್ಚಯಿಸಿದ. 1896ರಲ್ಲಿ ಹೆಂಡತಿಯ ಮನೆತನಕ್ಕೆ ಸೇರಿ, ಕೊಯಿಜುಮಿ ಯಾಕುಮೊ ಎಂಬ ಹೆಸರು ಪಡೆದು ಜಪಾನಿನ ಪ್ರಜೆಯಾದ. ಯಾಕುಮೊ ಎಂದರೆ ಎಂಟು ಮೋಡಗಳು. ಇಜುಮೊ ನಾಡನ್ನು ನೆನೆಯಿಸುವ ಪುರಾತನ ಕಾವ್ಯಪದ. ಹೆಂಡತಿಯ ಊರನ್ನು ತನ್ನ ಹೆಸರಿನಲ್ಲಿಯೇ ಕಟ್ಟಿಕೊಂಡಂತಾಯಿತು.

ಅದೇ ವರ್ಷ ಟೋಕಿಯೊದ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಉಪನ್ಯಾಸಕನಾದ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತ ಹುಡುಗರು ಬರೆದುಕೊಳ್ಳಲು ಅನುವಾಗುವಂತೆ ನಿಧಾನವಾಗಿ, ತಿಳಿಯಾಗಿ ಮಾತಾಡುತ್ತಿದ್ದ. ಆ ಟಿಪ್ಪಣಿಗಳನ್ನು ವಿದ್ಯಾರ್ಥಿಗಳು ಜತನವಾಗಿಟ್ಟುಕೊಂಡಿದ್ದುದರಿಂದಲೇ, ಅವನು ತೀರಿಕೊಂಡ ಮೇಲೆ, 1915ರಲ್ಲಿ, ಅಮೆರಿಕೆಯ ಜಾನ್ ಅರ್ಸ್ಕಿನ್ ಆ ಉಪನ್ಯಾಸಗಳನ್ನು ಎರಡು ಸಂಪುಟಗಳಲ್ಲಿ ಹೊರತರಲು ಸಾಧ್ಯವಾಯಿತು. ಪರಭಾಷೆಯ ಸಾಹಿತ್ಯವನ್ನು ಓದುವುದು ನಿಮ್ಮ ಭಾಷೆಯ ಸಾಹಿತ್ಯವನ್ನು ಬೆಳೆಸುವುದಕ್ಕಾಗಿ ಎಂಬುದು ಅವನು ಹುಡುಗರಿಗೆ ಹೇಳುತ್ತ ಬಂದ ಮಾತಿನ ಸಾರ. ಇದು ನಮಗೆ ಅಪರಿಚಿತ ತತ್ತ್ವವಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು. ಆಮೇಲೆ 'ಇಂಗ್ಲಿಷ್ ಗೀತಗಳು' ಕೊಟ್ಟರು. ಶ್ರೀಯವರು ತಮ್ಮ ಮನೆಯಲ್ಲಿ ನಿಂತು ಮಾಡಿದ ಕೆಲಸವನ್ನು ಹರ್ನ್ ಪರರ ಮನೆಯಲ್ಲಿ ನಿಂತು ಮಾಡಿದ.

1903ರಲ್ಲಿ ವಿಶ್ವವಿದ್ಯಾನಿಲಯ ಅವನನ್ನು ಬಿಟ್ಟುಕೊಟ್ಟಿತು. ವಿದೇಶೀ ಅಧ್ಯಾಪಕರ ಸ್ಥಾನಗಳಿಗೆ ಹೊರಗೆ ಓದಿ ಬಂದ ಸ್ವದೇಶೀಯರನ್ನು ನೇಮಿಸುವುದು ಆ ಕಾಲದ ಧೋರಣೆ. ತಪ್ಪೆಂದು ಹೇಳಲಾರೆವು, ಸ್ವಾಭಿಮಾನವುಳ್ಳ ಯಾವ ದೇಶವೂ ಮಾಡುವ ಕೆಲಸವದು. ಆದರೆ ಹೆಸರು, ಮನೆತನ, ಪೌರತ್ವ ಎಲ್ಲವನ್ನೂ ಬದಲಿಸಿಕೊಂಡು ಏಳು ವರ್ಷವಾಗಿದ್ದವನು ಆ ದಿನ ಮತ್ತೆ ಹೊರಗಿನವನಾದ. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಫಲವಾಗಲಿಲ್ಲ. ಅವನ ಸ್ಥಾನಕ್ಕೆ ಬಂದವರಲ್ಲಿ ಒಬ್ಬ, ಮುಂದೆ ಜಪಾನಿನ ಮಹಾಕಾದಂಬರಿಕಾರನಾದ ನತ್ಸುಮೆ ಸೊಸೆಕಿ. ಆತ ಇಂಗ್ಲಿಷ್ ಅಧ್ಯಯನಕ್ಕೆಂದು 1900ರಿಂದ 1902ರವರೆಗೆ ಲಂಡನ್ನಿನ ಬಾಡಿಗೆ ಕೋಣೆಗಳಲ್ಲಿ ಏಕಾಕಿಯಾಗಿ ಬೆಂದು, ಮನಸ್ಸಿನ ಸ್ವಾಸ್ಥ್ಯವನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿ ಹಿಂದಿರುಗಿದ್ದವನು. ಪರದೇಶವಾಸದಲ್ಲಿ ನೊಂದ ಒಬ್ಬನನ್ನು ಎಬ್ಬಿಸಿ, ಅದೇ ಪೀಠದಲ್ಲಿ ಹಾಗೆಯೇ ನೊಂದ ಇನ್ನೊಬ್ಬನನ್ನು ಕೂರಿಸಿದಂತಾಯಿತು. ಸೊಸೆಕಿಗೂ ಆ ಕೆಲಸ ರುಚಿಸಲಿಲ್ಲ. 1907ರಲ್ಲಿ ಅದನ್ನು ಬಿಟ್ಟು ಪತ್ರಿಕೆಯೊಂದನ್ನು ಸೇರಿದ.

ಹರ್ನನಿಗೆ 1904ರಲ್ಲಿ ವಸೇದ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಸಿಕ್ಕಿತು. ಆದರೆ ಅದೇ ವರ್ಷ ಸೆಪ್ಟೆಂಬರ್ 26ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಹೃದ್ರೋಗದಿಂದ ಮನೆಯಲ್ಲಿಯೇ ತೀರಿಕೊಂಡ. ಮೂವರು ಗಂಡುಮಕ್ಕಳು, ಒಂದು ಹೆಣ್ಣುಮಗು, ಸೆತ್ಸು ಅವನನ್ನು ಕಳುಹಿಸಿಕೊಟ್ಟರು. ಅವನ ಸಮಾಧಿ ಟೋಕಿಯೊದ ಝೊಶಿಗಾಯ ಸ್ಮಶಾನದಲ್ಲಿದೆ. 1916ರಲ್ಲಿ ತೀರಿಕೊಂಡ ಸೊಸೆಕಿಯದೂ ಅಲ್ಲಿಯೇ. ಮತ್ಸುಯೆಯಲ್ಲಿ ಕೋಟೆಯ ಕಂದಕದ ಬದಿಯಲ್ಲಿ ಅವನು ಐದಾರು ತಿಂಗಳು ವಾಸವಾಗಿದ್ದ ಮನೆಯನ್ನೂ ಅದರ ತೋಟವನ್ನೂ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಇಷ್ಟನ್ನು ನೆನೆದುಕೊಂಡು ಮರುವಾರ ಮಗುವಿಗೆ ನಾನೇ ದೂರವಾಣಿ ಮಾಡಿದೆ. ಎಷ್ಟು ದಿನ ಎಂಬ ನಿನ್ನ ಪ್ರಶ್ನೆಗೆ ಲೆಕ್ಕದ ಉತ್ತರವಿಲ್ಲ ಎಂದೆ. ಹರ್ನ್ ಟೋಕಿಯೊದಲ್ಲಿ ಎಂಟು ವರ್ಷವಿದ್ದ, ಅದು ಅವನ ಊರಾಗಲಿಲ್ಲ. ಮತ್ಸುಯೆಯಲ್ಲಿ ಹದಿನೈದು ತಿಂಗಳಿದ್ದ, ಅದು ಆಯಿತು. ವಿಶ್ವವಿದ್ಯಾನಿಲಯ ಕೆಲಸ ಕೊಡುತ್ತದೆ, ಒಂದು ದಿನ ಸಾಕು ಎನ್ನುತ್ತದೆ. ಅದನ್ನೇ ಮನೆಯೆಂದು ನಂಬಬೇಡ. ಸರ್ಕಾರ ಕಾಗದ ಕೊಡುತ್ತದೆ. ಅದು ಬೇಕು, ಆದರೆ ಸಾಲದು. ಆ ಊರಿನವರು ಯಾರಾದರೂ ಪುಸ್ತಕ ಮುಚ್ಚಿ ತಮ್ಮ ಮಾತಿನಲ್ಲಿ ನಿನಗೊಂದು ಕಥೆ ಹೇಳುವಷ್ಟು ಹತ್ತಿರವಾಗಲಿ. ನಿನ್ನ ಮಾತು ತಪ್ಪಾದರೂ ಆಡು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಟ್ಟಡದ ಬಾಗಿಲು ಕಾಯುವ ಅಜ್ಜಿಯೊಬ್ಬಳು ದಿನಾ ಏನೋ ಹೇಳುತ್ತಾಳೆ ದೊಡ್ಡಪ್ಪ. ನನಗೆ ಅರ್ಥವಾಗದೆ ನಕ್ಕು ಬಂದುಬಿಡುತ್ತೇನೆ" ಎಂದಳು.

"ನಾಳೆ ನಿಲ್ಲು" ಎಂದೆ.

ನಿಂತಳೋ ಇಲ್ಲವೋ, ನಾನು ಕೇಳಿಲ್ಲ. ಆದರೆ ಈಚೆಗೆ ಮಾತಾಡುವಾಗ ಅವಳು ಕೋಣೆಗೆ ಹೋಗುತ್ತೇನೆ ಎನ್ನುವುದಿಲ್ಲ. ಮನೆಗೆ ಹೋಗುತ್ತೇನೆ ಎನ್ನುತ್ತಾಳೆ. ಅವಳಿಗಾಗಿ ಸಂತೋಷಪಡುತ್ತೇನೆ. ಅವಳ ತಾಯಿ ಮಾತ್ರ ಆ ಮಾತು ಕೇಳಿದಾಗಲೆಲ್ಲ ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ಮಗಳಿಗೆ ಅಲ್ಲೊಂದು ಮನೆಯಾದಷ್ಟೂ ಇಲ್ಲಿನ ಮನೆ ಬರಿದಾಗುತ್ತದೆಯಲ್ಲ! ಅದಕ್ಕೆ ಯಾವ ಮಾತು ಹೇಳಬೇಕೆಂದು ನಾನಿನ್ನೂ ಯೋಚಿಸುತ್ತಿದ್ದೇನೆ.