ಹಳೆಯ ಬಣ್ಣ ಹೋಗಲಿ, ಗೊಂಬೆ ಉಳಿಯಲಿ

ದಸರಾ ಹತ್ತಿರ ಬಂದಾಗ ನಮ್ಮ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಗೊಂಬೆಯ ಪೆಟ್ಟಿಗೆ ಕೆಳಗಿಳಿಯುತ್ತದೆ. ಪಟ್ಟದ ಗೊಂಬೆಗಳ ಜೊತೆಗೆ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ಕಿನ ಎತ್ತು, ಸಿಪಾಯಿ, ಬಸ್ಸು, ಅಣ್ಣನೋ ಅಕ್ಕನೋ ಬಿಡಿಭಾಗಗಳನ್ನು ಅಂಟಿಸಿ ಮಾಡಿದ ಪುಟ್ಟ ವಿಮಾನ, ಇವೂ ಹೊರಬರುತ್ತವೆ. ಬಣ್ಣ ಒಂದು ಕಡೆ ಸಿಪ್ಪೆ ಎದ್ದಿರುತ್ತದೆ, ಇನ್ನೊಂದು ಕಡೆ ದಪ್ಪವಾಗಿ ಕೂತು ಕಣ್ಣು ಮೂಗನ್ನೇ ಮುಚ್ಚಿರುತ್ತದೆ. ಹೊಸ ಬಣ್ಣ ಹಚ್ಚುವ ಮೊದಲು ಹಳೆಯದನ್ನು ತೆಗೆಯಬೇಕು. ಆಗ ಕೈ ಹೋಗುವುದು ಥಿನ್ನರ್ ಡಬ್ಬಿಯ ಕಡೆಗೆ. ಸ್ವಲ್ಪ ಹೊತ್ತಿನಲ್ಲೇ ಬಣ್ಣದ ಜೊತೆಗೆ ಸಿಪಾಯಿಯ ಮುಖವೂ ಕರಗಿ ಅಂಟಾಗಬಹುದು. ಹಾಗೇಕೆ ಆಗುತ್ತದೆ?

ಉತ್ತರಕ್ಕೆ ಒಂದು ಸುಳಿವು ನಮ್ಮ ಜಿಲ್ಲೆಯ ಕಸುಬಿನಲ್ಲೇ ಇದೆ. ವಿಜಯಪುರದ ಗೂಡಿನ ಮಾರುಕಟ್ಟೆಯನ್ನೂ ದೊಡ್ಡಬಳ್ಳಾಪುರದ ಮಗ್ಗಗಳನ್ನೂ ನೀವು ಬಲ್ಲಿರಿ. ಕಚ್ಚಾ ರೇಷ್ಮೆಯ ಎಳೆಯಲ್ಲಿ ಎರಡು ಪದರಗಳಿವೆ. ಒಳಗಿನದು ಫೈಬ್ರೊಯಿನ್, ಹೊರಗಿನದು ಸೆರಿಸಿನ್ ಎಂಬ ಅಂಟು. ತೂಕದಲ್ಲಿ ಈ ಅಂಟೇ ಸುಮಾರು ಶೇ. 20ರಿಂದ 30ರಷ್ಟು. ಸಾಬೂನು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬೇಯಿಸಿದರೆ ಅಂಟು ಬಿಡುತ್ತದೆ, ಹೊಳೆಯುವ ಎಳೆ ಉಳಿಯುತ್ತದೆ. ಬೇಗ ಮುಗಿಯಲೆಂದು ಗಟ್ಟಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿದರೆ ರೇಷ್ಮೆಯೇ ಕರಗಿಹೋಗುತ್ತದೆ. ಅದೇ ಕಾಸ್ಟಿಕ್ ಸೋಡಾವನ್ನು ಹತ್ತಿ ನೂಲು ತಾಳಿಕೊಳ್ಳುತ್ತದೆ. ಮೇಲಿನ ಪದರವನ್ನು ಹಿಡಿದು ಕೆಳಗಿನದನ್ನು ಮುಟ್ಟದ ದ್ರವವನ್ನು ಆರಿಸಬೇಕು. ಗೊಂಬೆಯ ವಿಷಯದಲ್ಲೂ ನಿಯಮ ಇದೇ.

ಹಾಗಾದರೆ ಮೊದಲು ಕೆಳಗಿರುವ ಪ್ಲಾಸ್ಟಿಕ್ ಯಾವುದು ಎಂದು ತಿಳಿಯೋಣ. ಇದಕ್ಕೆ ಎರಡು ಲೋಟ ನೀರು ಸಾಕು. ಒಳಗೆ ಪೊಳ್ಳಿಲ್ಲದ, ಮುರಿದ ಒಂದು ಚೂರನ್ನು ನೀರಿನಲ್ಲಿ ಮುಳುಗಿಸಿ, ಗಾಳಿಯ ಗುಳ್ಳೆಗಳನ್ನು ಉಜ್ಜಿ ತೆಗೆದು ಕೈ ಬಿಡಿ. ತೇಲಿದರೆ ಅದು ಬಹುಮಟ್ಟಿಗೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಮುಳುಗಿದರೆ ಎರಡನೆಯ ಲೋಟದಲ್ಲಿ ಇನ್ನು ಕರಗದು ಎನ್ನುವಷ್ಟು ಉಪ್ಪು ಕರಗಿಸಿ ಅದರಲ್ಲಿ ಬಿಡಿ. ಆ ನೀರಿನ ಸಾಂದ್ರತೆ ಸುಮಾರು 1.2. ಪಾಲಿಸ್ಟೈರೀನಿನದು ಸುಮಾರು 1.05, ಆದ್ದರಿಂದ ಅದು ಇಲ್ಲಿ ತೇಲುತ್ತದೆ. ಪಿ.ವಿ.ಸಿ. ಇಲ್ಲಿಯೂ ಮುಳುಗುತ್ತದೆ. ಅಂಟಿಸಿ ಮಾಡುವ ವಿಮಾನದ ಮಾದರಿಗಳು ಸಾಮಾನ್ಯವಾಗಿ ಪಾಲಿಸ್ಟೈರೀನಿನವು. ಅದು ಅಸಿಟೋನ್, ಥಿನ್ನರ್, ಪೆಟ್ರೋಲಿಗೆ ಸೋಲುತ್ತದೆ. ಸಿಪಾಯಿಯ ಮುಖ ಕರಗಿದ ಗುಟ್ಟು ಇದು.

ಇನ್ನು ಮೇಲಿನ ಬಣ್ಣ. ಬಣ್ಣದಲ್ಲಿ ವರ್ಣದ ಪುಡಿ, ಅದನ್ನು ಹಿಡಿದಿಡುವ ಬಂಧಕ, ಹಚ್ಚಲು ಅನುಕೂಲವಾಗುವ ದ್ರವ, ಈ ಮೂರಿರುತ್ತವೆ. ದ್ರವ ಆರಿಹೋಗುತ್ತದೆ. ನಾವು ಸಡಿಲಿಸಬೇಕಾದದ್ದು ಬಂಧಕವನ್ನು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವಾದರೆ ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಮೆತ್ತಗಾಗುತ್ತದೆ. ಎಣ್ಣೆಯ ಎನಾಮಲ್ ಹಾಗಲ್ಲ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಒಮ್ಮೆ ಒಣಗಿದ ಮೇಲೆ ಟರ್ಪೆಂಟೈನಿಗೆ ಸುಲಭವಾಗಿ ಕರಗುವುದಿಲ್ಲ. ಆದರೆ ಅದರ ಅಣುಗಳಲ್ಲಿ ಎಸ್ಟರ್ ಬಂಧಗಳಿವೆ. ಕ್ಷಾರ ಅವನ್ನು ಮುರಿಯುತ್ತದೆ, ಎಣ್ಣೆಯಿಂದ ಸಾಬೂನು ಆಗುವ ಕ್ರಿಯೆಯಂತೆಯೇ. ಪಾಲಿಸ್ಟೈರೀನಿನಲ್ಲಿ ಎಸ್ಟರ್ ಬಂಧವೇ ಇಲ್ಲ, ಅದಕ್ಕೇ ಕ್ಷಾರ ಅದನ್ನು ಬಾಧಿಸುವುದಿಲ್ಲ. ವಾಷಿಂಗ್ ಸೋಡಾದ ದ್ರಾವಣದಲ್ಲಿ ನೆನೆಹಾಕಿದರೆ ಕೆಲಸ ನಿಧಾನ, ಅಪಾಯ ಕಡಿಮೆ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಅದನ್ನು ಮನೆಯಲ್ಲಿ ಬಳಸಬೇಡಿ.

ಕೆಲಸಕ್ಕೆ ಕೂರುವಾಗ ಗೊಂಬೆಯ ಪೀಠದ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಯಿಂದ ದ್ರವವನ್ನು ಒತ್ತಿ ಹತ್ತು ನಿಮಿಷ ಕಾಯಿರಿ. ಪ್ಲಾಸ್ಟಿಕ್ ಅಂಟಂಟಾದರೆ ಅಥವಾ ಹೊಳಪು ಕಳೆದುಕೊಂಡರೆ ಆ ದ್ರವವನ್ನು ಬಿಟ್ಟುಬಿಡಿ. ಏನೂ ಆಗದಿದ್ದರೆ ಮುಂದುವರಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲನೆ ಉಜ್ಜಿ. ವಿಮಾನದ ಪಾರದರ್ಶಕ ಭಾಗ ಆಲ್ಕೊಹಾಲಿಗೆ ಬಿರುಕು ಬಿಡಬಹುದು, ಅದನ್ನು ಬೇರೆ ಇಡಿ. ತೇಲುವ ಪ್ಲಾಸ್ಟಿಕ್ಕಿಗೆ ಬಣ್ಣ ಸರಿಯಾಗಿ ಹಿಡಿದಿರುವುದೇ ಇಲ್ಲ. ಅಲ್ಲಿ ಬೆಚ್ಚಗಿನ ಸಾಬೂನು ನೀರೇ ಎಷ್ಟೋ ಸಲ ಸಾಕಾಗುತ್ತದೆ. ಆಲ್ಕೊಹಾಲು ಬೇಗ ಹೊತ್ತಿಕೊಳ್ಳುವ ದ್ರವ. ಕಿಟಕಿ ತೆರೆದಿರಲಿ, ದೀಪ, ಒಲೆ ದೂರವಿರಲಿ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಹಳೆಯ ಬಣ್ಣದಲ್ಲಿ, ಅದರಲ್ಲೂ ಹಳದಿ, ಕಿತ್ತಳೆ ಬಣ್ಣಗಳಲ್ಲಿ, ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ಅಟ್ಟದ ಪೆಟ್ಟಿಗೆಯ ಗೊಂಬೆಗಳು ಇವೆರಡಕ್ಕೂ ಹಿಂದಿನವು ಇರಬಹುದು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ. ಇಷ್ಟು ಪ್ರಮಾಣ ಪರವಾಗಿಲ್ಲ ಎನ್ನುವ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಒಣ ಬಣ್ಣವನ್ನು ಮರಳು ಕಾಗದದಿಂದ ಉಜ್ಜಬೇಡಿ, ಚಾಕುವಿನಿಂದ ಕೆರೆಯಬೇಡಿ. ಒದ್ದೆಯಾಗಿಯೇ ತೆಗೆಯಿರಿ. ಕೈಗವಸು ಹಾಕಿ, ಕೆಳಗೆ ಹಳೆಯ ಪತ್ರಿಕೆ ಹರಡಿ, ಎದ್ದ ಸಿಪ್ಪೆಯನ್ನು ಅದರಲ್ಲೇ ಸುತ್ತಿ ಕಟ್ಟಿ. ತಂಗಿ, ತಮ್ಮಂದಿರು ಆಡುವ ಜಾಗದಲ್ಲಿ ಈ ಕೆಲಸ ಬೇಡ. ಮುಗಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಅಜ್ಜಿಯ ಕಾಲದ ಮರದ ಪಟ್ಟದ ಗೊಂಬೆಗಳಿಗೆ ಇದ್ಯಾವುದನ್ನೂ ಮಾಡಬೇಡಿ. ಅವುಗಳಲ್ಲಿ ಹಳೆಯ ಬಣ್ಣವೂ ಗೊಂಬೆಯ ಭಾಗವೇ, ಅದನ್ನು ಬರೆದ ಕೈ ಮತ್ತೆ ಸಿಗುವುದಿಲ್ಲ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದು ಜಗಲಿಯ ಮೇಲೆ ಕೂರಿಸಿ. ನಿಮ್ಮ ಪ್ರಯೋಗಕ್ಕೆ ಪ್ಲಾಸ್ಟಿಕ್ ಸಿಪಾಯಿಗಳು ಇದ್ದೇ ಇವೆ. ಎರಡು ಲೋಟ ನೀರಿನಿಂದ ಈ ಭಾನುವಾರವೇ ಆರಂಭಿಸಬಹುದು.