ಕಂದು ಹಾಕುವ ರೋಗ ಮನುಷ್ಯರಿಗೂ ಬರುತ್ತದೆ

(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಹಾಲಿನ ಲೆಕ್ಕ ತಾವು ಕೇಳಿದಿರಿ. ಲೆಕ್ಕದ ಪುಸ್ತಕದಾಗ ಇಲ್ಲದ ಒಂದು ಮಾತು ನಾವು ಹೇಳತೇವಿ.

ಗಬ್ಬದ ಎಮ್ಮಿ ಕಡೇ ತಿಂಗಳಲ್ಲಿ ಕಂದು ಹಾಕಿದರೆ ದೃಷ್ಟಿ ಆತು ಅಂತೇವಿ. ಅದಕ್ಕೆ ಬ್ರುಸೆಲ್ಲಾ ಎಂಬ ರೋಗಾಣು ಕಾರಣವಿರಬಹುದು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಇದನ್ನು ಕಂಡುಹಿಡಿದರು. ಅದು ದೂರದ ಮಾತಾಯಿತು. ನಮ್ಮ ಮಗ್ಗುಲ ವಿಜಯಪುರದಲ್ಲೇ ಡಾ. ಬಿ. ಜಿ. ಮಂಟೂರ ಮತ್ತು ಸಂಗಡಿಗರು ಹದಿನಾರು ವರ್ಷದಲ್ಲಿ 495 ವಯಸ್ಕರಲ್ಲಿ ಈ ರೋಗ ಗುರುತಿಸಿ, 2006ರಲ್ಲಿ ವರದಿ ಪ್ರಕಟಿಸಿದರು.

ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲು ನೋವು ಇದರ ಲಕ್ಷಣ. ಅಲಕ್ಷ್ಯ ಮಾಡಿದರೆ ಬೆನ್ನೆಲುಬಿನ ಮಣಿಗೆ ಹತ್ತುತ್ತದೆ. ಹೃದಯದ ಕವಾಟಕ್ಕೆ ಹತ್ತುವುದು ನೂರರಲ್ಲಿ ಒಬ್ಬಿಬ್ಬರಿಗೆ. ಆದರೆ ಈ ರೋಗದ ಸಾವುಗಳಲ್ಲಿ ಹೆಚ್ಚಿನವು ಅದರಿಂದಲೇ.

ಕ್ಯಾನ್ಸರ್ ಔಷಧಿ ನಡೆದವರ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಆ ಔಷಧಿಯಿಂದ ಮೈಯ ಕಾವಲು ಸಡಿಲಾಗಿರತೈತಿ. ಜ್ವರ, ಬೆನ್ನು ನೋವು ಬಂದರೆ ಕ್ಯಾನ್ಸರ್ ಎಲುಬಿಗೆ ಇಳೀತು ಎಂದು ಮನೆಯವರು ಕೈಚೆಲ್ಲುತ್ತಾರೆ. ಬ್ರುಸೆಲ್ಲಾ ಆಗಿದ್ದರೆ ಅದಕ್ಕೆ ಔಷಧಿ ಐತಿ! ಆದರೆ ಪಟ್ಟಣದ ಡಾಕ್ಟರಿಗೆ ನಮ್ಮ ದನದ ಕೊಟ್ಟಿಗೆ ಕಾಣುವುದಿಲ್ಲ. "ಮನ್ಯಾಗ ದನ ಅದಾವ್ರಿ, ಎಮ್ಮಿ ಕಂದು ಹಾಕೇತ್ರಿ" ಎಂದು ನಾವೇ ಹೇಳಬೇಕು. ಆಗ ಅವರು ಅದರ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸಾದಾ ರೋಗಕ್ಕೆ ಆರು ವಾರ, ಬೆನ್ನಿಗೆ ಹತ್ತಿದ್ದರೆ ಮೂರು ತಿಂಗಳಾದರೂ ಔಷಧಿ ಬೇಕು. ಕವಾಟ ಕೆಟ್ಟಿದ್ದರೆ ಆಪರೇಷನ್ನೂ ಬೇಕಾದೀತು. ಜ್ವರ ಬಿಟ್ಟಿತೆಂದು ನಡುವೆ ಗುಳಿಗಿ ಬಿಡಬಾರದು.

ಇನ್ನು ನಾವು ಮಾಡಬೇಕಾದ್ದು. ಹಾಲು ಉಕ್ಕಿಸಿಯೇ ಕುಡಿಯಬೇಕು. ನೊರೆ ಹಾಲಿನ ರೂಢಿ, ಆಡಿನ ಹಸಿ ಹಾಲಿನ ರೂಢಿ ಬಿಡಬೇಕು. ಕಂದು, ಮಾಸವನ್ನು ಬರಿಗೈಲೆ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು, ನಾಯಿಗೆ ಒಗೆಯಬಾರದು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಪಶುವೈದ್ಯರಿಂದ ಲಸಿಕೆ ಹಾಕಿಸಬೇಕು. ಇದಕ್ಕಾಗಿ ಕೇಂದ್ರ ಸರಕಾರ 2019ರಲ್ಲಿ ಕಾರ್ಯಕ್ರಮವನ್ನೇ ಆರಂಭಿಸಿತು.

ಕಡೆಯ ಮಾತು. ಕಂದು ಹಾಕಿದ ದನವನ್ನು ಮುಚ್ಚಿಟ್ಟು ಸಂತಿಗೆ ಹೊಡೆದರೆ ನಮ್ಮ ನಷ್ಟ ಇನ್ನೊಬ್ಬ ರೈತನ ಮನೆಗೆ ಹೋಗುತ್ತದೆ, ಅಲ್ಲಿ ಜೀವಕ್ಕೂ ಕುತ್ತಾದೀತು. ಪಶು ಆಸ್ಪತ್ರೆಗೆ ತಿಳಿಸುವುದರಲ್ಲಿ ನಾಚಿಕೆ ಏನಿಲ್ಲ. ಒಬ್ಬರ ಕಷ್ಟ ಎಲ್ಲರದು ಅನ್ನೋದೇ ಸಹಕಾರ.