ಶುಶ್ರೂಷಾ ವಿದ್ಯಾರ್ಥಿಗಳ ಆತ್ಮವಿಶ್ವಾಸ

 

ರೋಗಿಯ ಶುಶ್ರೂಷೆಗೆ ಕರುಣೆಯೊಂದೇ ಸಾಕೆಂದು ಹಲವರ ಭಾವನೆಯುಂಟು. ಆದರೆ 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆಯನ್ನು ತೆರೆದಂದಿನಿಂದ ಅದು ಕ್ರಮವಾಗಿ ಕಲಿಯತಕ್ಕ ವಿದ್ಯೆಯಾಗಿ ಬೆಳೆದಿರುವುದು. ಇಂದು ನರ್ಸಿಂಗ್ ಪದವಿಗೆ ನಾಲ್ಕು ವರ್ಷಗಳ ವ್ಯಾಸಂಗವುಂಟು. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಮಕ್ಕಳು ಶರೀರಶಾಸ್ತ್ರ, ಔಷಧಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿ ಓದಬೇಕಾಗುವುದು. ಮೊದಲ ಪರೀಕ್ಷೆಯಲ್ಲಿ ಎಡವಿದೊಡನೆ “ಇದು ನನ್ನಿಂದಾಗದು” ಎಂದು ಕಣ್ಣೀರಿಡುವವರುಂಟು. ಓದನ್ನೇ ಬಿಟ್ಟು ಮನೆಗೆ ಮರಳುವವರೂ ಉಂಟು. ಆ ಮಾತು ಅಂಜಿಕೆಯಿಂದ ಹುಟ್ಟಿದುದು, ಬುದ್ಧಿಯ ಅಳತೆಯಲ್ಲ.

ಸ್ವಸಾಮರ್ಥ್ಯದ ನಂಬುಗೆಗೆ ನಾಲ್ಕು ಮೂಲಗಳಿವೆಯೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ನಿರೂಪಿಸಿದರು.

ಮೊದಲನೆಯದು, ತಾನೇ ಮಾಡಿ ಗೆದ್ದ ಅನುಭವ. 5 ಮಿಲಿಲೀಟರ್ ದ್ರವದಲ್ಲಿ 500 ಮಿಲಿಗ್ರಾಂ ಔಷಧವಿದ್ದರೆ 250 ಮಿಲಿಗ್ರಾಂ ಕೊಡಲು ಎಷ್ಟು ದ್ರವ ಬೇಕು? ಎರಡೂವರೆ ಮಿಲಿಲೀಟರ್. ಇಂತಹ ಸಣ್ಣ ಲೆಕ್ಕವನ್ನು ತಾನಾಗಿ ಬಿಡಿಸಿದವಳಿಗೆ ಮುಂದಿನ ಕಠಿಣ ಲೆಕ್ಕದ ಭಯ ತಗ್ಗುವುದು. ಎರಡನೆಯದು, ತನ್ನಂತಹವರ ಗೆಲುವನ್ನು ಕಾಣುವುದು. ತನ್ನೂರಿನ ಅಕ್ಕನೊಬ್ಬಳು ತೇರ್ಗಡೆಯಾದುದು ಹತ್ತು ಉಪದೇಶಗಳಿಗಿಂತ ಮಿಗಿಲು. ಮೂರನೆಯದು, ಹಿರಿಯರ ಪ್ರೋತ್ಸಾಹದ ನುಡಿ. ನಾಲ್ಕನೆಯದು, ದೇಹಮನಸ್ಸುಗಳ ಸ್ಥಿತಿ. ನಿದ್ದೆಗೆಟ್ಟು ಕೈ ನಡುಗಿದಾಗ ವಿದ್ಯಾರ್ಥಿಯು ಆ ನಡುಕವನ್ನೇ ತನ್ನ ಅಸಾಮರ್ಥ್ಯವೆಂದು ಬಗೆಯುವಳು. ಅದು ಆಯಾಸವೆಂದು ತಿಳಿಸಿ ಹೇಳುವವರು ಬೇಕು.

ಆದರೆ ಒಂದು ಎಚ್ಚರಿಕೆ ಅವಶ್ಯ. ಬರಿಯ ಹೊಗಳಿಕೆಯಿಂದ ಉಬ್ಬಿದ ವಿಶ್ವಾಸವು ರೋಗಿಗೆ ಅಪಾಯಕರ. ಅಂತೆಯೇ, ಕೇಳಿದರೆ ನಗುವರೆಂದು ಸಂಶಯವನ್ನು ನುಂಗಿಕೊಂಡವಳ ಕೈಯಿಂದಲೂ ಔಷಧದ ಪ್ರಮಾಣ ತಪ್ಪಬಹುದು. “ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ” ಎಂದು ಕೇಳುವ ಧೈರ್ಯವೇ ನಿಜವಾದ ಆತ್ಮವಿಶ್ವಾಸದ ಗುರುತು. ಕೇಳಿದವಳನ್ನು ಗದರಿಸುವ ಗುರುವು ಆ ಧೈರ್ಯದ ಬೇರನ್ನೇ ಕೀಳುವನು.

ತಾಯಿತಂದೆಗಳೇ, ಮಗಳು ರಜೆಗೆ ಬಂದಾಗ ಅಂಕಗಳನ್ನೊಂದೇ ವಿಚಾರಿಸಬೇಡಿರಿ. ಏನು ಕಲಿತೆಯೆಂದು ಕೇಳಿರಿ, ಕಲಿತುದನ್ನು ಮಾಡಿ ತೋರಿಸಹೇಳಿರಿ. ಓದು ಮುಗಿಸಿದ ಸೋದರಿಯರೇ, ಕಿರಿಯರೊಡನೆ ಒಂದು ಸಂಜೆ ಕುಳಿತು ಇಂಗ್ಲಿಷಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿರಿ. ಇಂದು ನಾವು ಅವಳಲ್ಲಿ ಬೆಳೆಸಿದ ನಂಬುಗೆಯು ನಾಳೆ ರೋಗಿಯ ತಲೆದೆಸೆಯಲ್ಲಿ ಎಚ್ಚರವಾಗಿ ನಿಲ್ಲುವುದು.